ಬಾಯಿ ಮುಚ್ಚದ ಮೊಸಳೆ

ಉಕ್ಕಿನ ಗುಂಡು ಚಿಮ್ಮಿಸಿ ಆಡುವ ಹಳೆಯ ಪಿನ್‌ಬಾಲ್ ಯಂತ್ರವೊಂದರಲ್ಲಿ ಆ ಗುಂಡು ನುಂಗುವ ತಗಡಿನ ಮೊಸಳೆಯಿತ್ತು. ಅದರ ಬಾಯಿಯನ್ನು ಒಂದು ಮೋಟರು ತೆರೆದು ಮುಚ್ಚುತ್ತಿತ್ತು. ಮೋಟರಿನ ಗಾಲಿಯ ಮೇಲಿನ ಉಬ್ಬು ಬಂದು ತಾಗಿದಾಗ ಸ್ವಿಚ್ಚು "ಸಾಕು" ಎನ್ನುತ್ತಿತ್ತು, ಮೋಟರು ನಿಲ್ಲುತ್ತಿತ್ತು. ಉಬ್ಬು ಸವೆದು ಅದಕ್ಕೂ ಸ್ವಿಚ್ಚಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿದ್ದ ಮೇಲೆ, ಮೊಸಳೆ ಬಾಯಿ ಬಡಿಯುತ್ತಲೇ ಉಳಿಯಿತು.

"ಸ್ವಿಚ್ಚಣ್ಣಾ, ಸಾಕು ಅನ್ನಪ್ಪಾ! ಮೈಯೆಲ್ಲ ಸುಡುತ್ತಿದೆ" ಎಂದು ಮೋಟರು ಅಂಗಲಾಚಿತು.

"ಉಬ್ಬು ಬಂದು ಮುಟ್ಟಿ ಕರೆಯಲಿ. ಕರೆಯದೆ ಮಾತಾಡುವ ಮನೆತನ ನಮ್ಮದಲ್ಲ" ಎಂದಿತು ಸ್ವಿಚ್ಚು.

"ಇಷ್ಟು ವರ್ಷ ನಾನೇ ಹೋಗಿದ್ದೇನೆ. ಹೋಗಿ ಹೋಗಿಯೇ ಸವೆದದ್ದು. ಈ ಸಲ ಅವರೇ ಒಂದಿಷ್ಟು ಬಾಗಲಿ" ಎಂದಿತು ಉಬ್ಬು.

"ನೀವಿಬ್ಬರೂ ಬೀಗರ ಹಾಗೆ ಮುನಿಸಿಕೊಂಡರೆ ಗುಜರಿಗೆ ಹೋಗುವವನು ನಾನು!" ಎಂದು ಮೋಟರು ಅತ್ತಿತು.

ಹಾಗೆಯೇ ಆಯಿತು. ರಿಪೇರಿಗೆ ಬಂದ ಫಕೀರಪ್ಪ, "ಮೋಟರಿಗೆ ಹುಚ್ಚು ಹಿಡದೈತಿ" ಎಂದು ಅದನ್ನು ಬಿಚ್ಚಿ ಗುಜರಿ ಡಬ್ಬಿಗೆ ಹಾಕಿ, ಅದೇ ಗಾಲಿಗೆ ಹೊಸ ಮೋಟರು ಜೋಡಿಸಿದ. ಮೊಸಳೆ ಮೊದಲಿಗಿಂತ ಜೋರಾಗಿ ಬಾಯಿ ಬಡಿಯಿತು.

"ಹೊಸಬರೇ? ಬನ್ನಿ, ಕೂತ್ಕೊಳ್ಳಿ" ಎಂದಿತು ಸ್ವಿಚ್ಚು.

"ಕೂರಲು ಬಿಟ್ಟರಲ್ಲವೇ!" ಎಂದಿತು ಹೊಸ ಮೋಟರು, ಗಿರಗಿರ ಸುತ್ತುತ್ತ.

ಫಕೀರಪ್ಪ ತಲೆ ಕೆರೆದುಕೊಂಡು ಒಳಗೆ ಬಗ್ಗಿ ನೋಡಿದ; ಸಂದು ಕಣ್ಣಿಗೆ ಬಿತ್ತು. ಹಳೆಯ ಮೋಟರನ್ನೇ ಮರಳಿ ಕೂರಿಸಿ, ಇಕ್ಕಳದಿಂದ ಸ್ವಿಚ್ಚಿನ ತಗಡಿನ ಕಿವಿ ಹಿಡಿದು ಉಬ್ಬಿಗೆ ತಾಗುವಂತೆ ಮುಂದಕ್ಕೆ ಬಗ್ಗಿಸಿದ. ಮೊಸಳೆಯ ಬಾಯಿ ಮುಚ್ಚಿತು.

ಸ್ವಿಚ್ಚು ಉಬ್ಬಿಗೆ ಹೇಳಿತು: "ನಾನೇ ಹೊರಟಿದ್ದೆ, ಅಷ್ಟರಲ್ಲಿ ಇವನು ಬಂದ."