ದಾಮಣ್ಣ ಕಲಿತ ಮಾದರಿ ವಿದ್ಯೆ

ಹೂಂಗುಟ್ಟುವವರು ಹೂಂಗುಟ್ಟಿ, ತೂಕಡಿಸುವವರು ಗೋಡೆಗೆ ಒರಗಿ, ನಾನಂತೂ ಕಥೆ ಶುರು ಮಾಡಿದೆ. ಶಿಂಪಿಗರ ಓಣಿಯಲ್ಲಿ ರಖುಮವ್ವ ಬಟ್ಟೆ ಹೊಲಿದು ಬದುಕುತ್ತಿದ್ದಳು. ಗಂಡ ತೀರಿಹೋಗಿದ್ದ. ಇದ್ದವನು ಒಬ್ಬನೇ ಮಗ, ದಾಮಣ್ಣ. ಆಳು ಎತ್ತರ, ಕೈ ಚುರುಕು, ಹೊಲಿಗೆ ಹಾಕಿದರೆ ಮುತ್ತು ಪೋಣಿಸಿದ ಹಾಗೆ. ತಲೆಯೊಂದು ಮಾತ್ರ ಅಷ್ಟಕ್ಕಷ್ಟೇ. ಹೇಳಿದ್ದನ್ನು ಬಿಡುತ್ತಿರಲಿಲ್ಲ, ಹೇಳದ್ದನ್ನು ತಿಳಿಯುತ್ತಿರಲಿಲ್ಲ.

ರಖುಮವ್ವನ ಕಣ್ಣು ಮಂಜಾಗುತ್ತ ಬಂದಿತ್ತು. ಸೂಜಿಗೆ ದಾರ ಪೋಣಿಸಲು ಮೂರು ಸಲ ತಡಕಬೇಕು. ಕತ್ತರಿ ಇನ್ನು ಮಗನ ಕೈಗೆ ಹೋಗಬೇಕು, ಇಲ್ಲವೇ ಅಂಗಡಿಗೆ ಬೀಗ ಬೀಳಬೇಕು. "ಇವನ ಕೈಗೆ ಹೆಂಗ ಕೊಡಲಿ ವಿಠ್ಠಲಾ" ಎಂದು ದಿನಾ ಹಲುಬುತ್ತಿದ್ದಳು. ದಾಮಣ್ಣನಿಗೆ ಆ ಚಿಂತೆಯೇ ಇಲ್ಲ.

"ಹೇಳು ಯವ್ವಾ, ಹೇಳಿದಂಗ ಮಾಡ್ತೀನಿ" ಎನ್ನುತ್ತಿದ್ದ. ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಒಂದು ದಿನ ಅವಳು ಖಾಕಿ ಕಾಗದದಲ್ಲಿ ಅಂಗಿಯ ಮಾದರಿ ಕತ್ತರಿಸಿ, "ಇದು ಪೋಸ್ಟಿನ ಗಂಗಪ್ಪನ ಅಂಗಿ, ಜ್ವಾಕಿಯಿಂದ ನೋಡ್ಕೋ" ಎಂದು ಸಂತೆಗೆ ಹೋದಳು. ಗಂಗಪ್ಪ ಬಂದ. ಅಷ್ಟರಲ್ಲಿ ದಾಮಣ್ಣ ಕಾಗದದ ಹೋಳುಗಳನ್ನೇ ಹೊಲಿದು, ಗುಂಡಿ ಹಚ್ಚಿ, ಇಸ್ತ್ರಿ ತಿಕ್ಕಿ ಇಟ್ಟಿದ್ದ. ಗಂಗಪ್ಪನಿಗೆ ತೊಡಿಸಿ, "ಕಾಕಾ, ಉಸಿರು ಸಣ್ಣಗೆ ತಗೋ" ಎಂದ. ಗಂಗಪ್ಪ ಸೀನಿದ. ಅಂಗಿ ಬೆನ್ನುದ್ದಕ್ಕೂ ಪರ್ರನೆ ಹರಿಯಿತು.

ರಖುಮವ್ವ ಬಂದು ಹಣೆ ಬಡಿದುಕೊಂಡಳು. "ಅದು ಅಂಗಿ ಅಲ್ಲೋ ದಾಮ್ಯಾ, ಅಂಗೀದು ಮಾದರಿ. ಮಾದರಿ ತೊಡಾಕಲ್ಲ, ನೋಡಾಕ. ಅದನ್ನ ಬಟ್ಟಿ ಮ್ಯಾಲ ಇಡು. ಅದರಾಗ ಹೆಂಗೈತೋ ಹಂಗ ಬಟ್ಟ್ಯಾಗ ಬರಬೇಕು."

"ಇಷ್ಟ ಹೌದಿಲ್ಲೋ? ಮೊದಲ ಹೇಳಬಾರದಾಗಿತ್ತಾ?" ಎಂದ ದಾಮಣ್ಣ.

ಮುಂದಿನ ಅಂಗಿ ಹಿಟ್ಟಿನ ಗಿರಣಿ ಮಾಲಿಂಗನದು, ತಮ್ಮನ ನಿಶ್ಚಯಕ್ಕೆ ತೊಡಲು ಹೊಲಿಸಿದ್ದು. ದಾಮಣ್ಣ ಮಾದರಿಯನ್ನು ಬಟ್ಟೆಯ ಮೇಲಿಟ್ಟ, ಗೆರೆ ತಪ್ಪದೆ ಕತ್ತರಿಸಿದ, ಚೆಂದಾಗಿ ಹೊಲಿದ. ಆದರೆ ಮಾದರಿಯಲ್ಲಿ ಬರಹವೂ ಇತ್ತಲ್ಲ! ಅದನ್ನೂ ಕೆಂಪು ದಾರದಲ್ಲಿ ಕಸೂತಿ ತೆಗೆದ. ರಖುಮವ್ವ ಮಾದರಿಯ ಮೇಲೆ ಚೆಲ್ಲಿಕೊಂಡಿದ್ದ ಚಹಾದ ಕಲೆಗೆ ಕಂದು ದಾರ ಹುಡುಕಿ ತಂದ. ಮಾಲಿಂಗ ಅವಸರದಲ್ಲಿ ತೊಟ್ಟು ಓಡಿದ. ನಿಶ್ಚಯದ ಮನೆಯಲ್ಲಿ ಬೀಗರೆಲ್ಲ ಅವನ ಹೊಟ್ಟೆಯ ಮೇಲೆ ಓದಿದರು: ಇಲ್ಲಿ ಕತ್ತರಿಸು.

"ಬರಹ ಹೊಲಿಯೋರಿಗೆ, ತೊಡೋರಿಗಲ್ಲ" ಎಂದು ರಖುಮವ್ವ ಗದರಿದಳು. "ಮಾದರಿ ಒಂದು, ಅದರಿಂದ ಬರೋ ಅಂಗಿ ನೂರು. ಒಂದ ಮಾದರೀವು ಎಲ್ಲಾ ಒಂದ ನಮೂನಿ ಕಾಣಬೇಕು. ಅಷ್ಟು ನೆನಪಿಟ್ಕೋ."

"ಇಟ್ಕೊಂಡೆ."

ಬ್ಯಾಂಡಿನವರು ಆರು ಜನ, ಆರೂ ಅಂಗಿ ಒಂದೇ ಮಾದರಿಯವು. ಡೋಲು ಬಡಿಯುವವನ ಅಂಗಿಯ ಮೊಣಕೈ ಹರಿದಿತ್ತು, ತೇಪೆಗೆ ಬಿಟ್ಟು ಹೋದ. ಉಳಿದ ಐದೂ ಇಸ್ತ್ರಿಗೆಂದು ಅಲ್ಲೇ ಇದ್ದವು. ದಾಮಣ್ಣ ಹರಿದದ್ದಕ್ಕೆ ತೇಪೆ ಹಾಕಿ ನೋಡಿದ, ಆರೂ ಒಂದೇ ನಮೂನೆ ಕಾಣಲಿಲ್ಲ. ಐದಕ್ಕೂ ಅದೇ ಮೊಣಕೈ ಕತ್ತರಿಸಿ, ಅದೇ ಅಳತೆಯ ತೇಪೆ ಹಾಕಿದ. ಬ್ಯಾಂಡಿನವರು ಮದುವೆಯಲ್ಲಿ ಬಾರಿಸುವುದನ್ನು ಬಿಟ್ಟು ಅಂಗಡಿಯ ಮುಂದೆ ಬಂದು ಬಾರಿಸಿದರು.

ರಖುಮವ್ವನಿಗೆ ಅಳು ಬಂತು. ಆದರೂ ತಾಯಿಯಲ್ಲವೇ, ಕೂರಿಸಿಕೊಂಡು ಹೇಳಿದಳು. "ಹರಿದದ್ದು ಆ ಒಂದು ಅಂಗಿ, ಮಾದರಿ ಅಲ್ಲ. ಅಂಗೀ ತಪ್ಪು ಅಂಗಿಗೆ. ತಪ್ಪು ಮಾದರ್ಯಾಗ ಇದ್ರ ಮಾತ್ರ ಎಲ್ಲಾ ಅಂಗೀನೂ ಕೆಡತಾವು. ಅದಕ್ಕ ಮೊದಲ ಮಾದರಿ ಸರಿ ಐತೇನು ನೋಡಬೇಕು."

"ಸರಿ ಐತಿ ಅಂತ ಹೆಂಗ ತಿಳೀಬೇಕು ಯವ್ವಾ?"

ಆ ಪ್ರಶ್ನೆ ಕೇಳಿ ಅವಳಿಗೆ ಜೀವ ಬಂದ ಹಾಗಾಯಿತು. ಹುಡುಗ ಕೇಳತೊಡಗಿದ್ದಾನೆ, ಇನ್ನು ಕಲಿಯುತ್ತಾನೆ! ಮುಂದಿನ ಸೋಮವಾರ ಕನ್ಯಾಶಾಲೆಯ ಮುಖ್ಯ ಶಿಕ್ಷಕಿ, ದೊಡ್ಡ ಅಕ್ಕೋರು, ಬರುವವರಿದ್ದರು. ಲಂಗದ ಮಾದರಿ ಒಪ್ಪಿಗೆಯಾದರೆ ಇನ್ನೂರು ಹುಡುಗಿಯರ ಸಮವಸ್ತ್ರ, ಅದೂ ವರ್ಷ ವರ್ಷ. ಅದೊಂದು ಸಿಕ್ಕರೆ ಅವಳು ನಿಶ್ಚಿಂತೆಯಿಂದ ಕತ್ತರಿ ಕೆಳಗಿಡಬಹುದಿತ್ತು.

ಒಂದು ಹಾಳೆ ಕೊಟ್ಟು ಬರೆಸಿದಳು. "ಅಂಗಿಗೆ ಮಾದರಿ ಇದ್ದಂಗ ಮಾದರಿಗೂ ಒಂದು ಕಟ್ಟಳಿ ಐತಿ. ಬರಕೋ. ಹೋಳು ಬ್ಯಾರೆ ಬ್ಯಾರೆ ಇರಬೇಕು. ಹೋಳಿಗೆ ಹೆಸರಿರಬೇಕು. ಮಡಿಕಿ ಗೆರಿ ಇರಬೇಕು. ಯಾವ ಮಾದರಿ ಬಂದರೂ ಈ ಹಾಳಿಗೆ ಹಚ್ಚಿ ನೋಡು. ಮೂರರಾಗ ಒಂದು ಇಲ್ಲಂದ್ರೂ ಒಲಿಗೆ ಹಾಕು."

ಸೋಮವಾರ ಬೆಳಿಗ್ಗೆ ಅವಳು ಗುಡಿಗೆ ಹೋದಳು. ದಾಮಣ್ಣ ಮೊಳೆಗೆ ನೇತುಹಾಕಿದ್ದ ಮಾದರಿಗಳನ್ನೆಲ್ಲ ಇಳಿಸಿದ. ಮೊದಲು ಅಪ್ಪ ಕತ್ತರಿಸಿಟ್ಟವು. ಅಪ್ಪನಿಗೆ ಎಲ್ಲ ಬಾಯಿಪಾಠ, ಹೆಸರು ಬರೆದವನೇ ಅಲ್ಲ. ಒಲೆಗೆ ಹೋದವು. ಆಮೇಲೆ ಅವ್ವನವು, ಹೊಸ ಲಂಗದ ಮಾದರಿಯೂ ಸೇರಿ. ಹೋಳು ಇದ್ದವು, ಹೆಸರು ಇತ್ತು, ಮಂಜುಗಣ್ಣಿನ ಅವ್ವ ಮಡಿಕೆ ಗೆರೆ ಹಾಕಲು ಮರೆತಿದ್ದಳು. ಅವೂ ಒಲೆಗೆ. ಕೊನೆಗೆ ಕೈಯಲ್ಲಿ ಕಟ್ಟಳೆಯ ಹಾಳೆ ಒಂದೇ ಉಳಿಯಿತು. ದಾಮಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಅದೂ ಮಾದರಿಯೇ ತಾನೆ, ಮಾದರಿಗಳದು. ಹೋಳಿಲ್ಲ, ಹೆಸರಿಲ್ಲ, ಗೆರೆಯಿಲ್ಲ. ಮೂರೂ ಇಲ್ಲದ್ದು! ಎಲ್ಲಕ್ಕಿಂತ ಕೆಟ್ಟದ್ದು ಇದೇ ಎಂದು ಬೆಂಕಿಯ ನಡುವಿಗೇ ತುರುಕಿದ.

ರಖುಮವ್ವ ಅಕ್ಕೋರನ್ನು ಕರೆದುಕೊಂಡೇ ಬಂದಳು. ಗೋಡೆ ಬೋಳು, ಮೊಳೆಗಳಷ್ಟೇ ಉಳಿದಿದ್ದವು. ಅವಳು ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

"ಮಾದರಿ ಎಲ್ಲಪ್ಪಾ?" ಎಂದರು ಅಕ್ಕೋರು.

ದಾಮಣ್ಣ ಎದೆಯುಬ್ಬಿಸಿ ನಿಂತ. "ಎಲ್ಲಾ ಹಚ್ಚಿ ನೋಡೀನ್ರಿ ಅಕ್ಕೋರ. ನಮ್ಮ ಅಂಗಡ್ಯಾಗ ಈಗ ತಪ್ಪಿದ್ದ ಮಾದರಿ ಒಂದೂ ಇಲ್ರಿ."

ಅಕ್ಕೋರು ಲಂಗಕ್ಕೆಂದು ತಂದಿದ್ದ ಬಟ್ಟೆಯ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಬಂದ ದಾರಿಯಲ್ಲೇ ಹೋದರು. ರಖುಮವ್ವ ಕತ್ತರಿಯನ್ನು ಮಗನ ಕೈಯಿಂದ ಬಿಡಿಸಿಕೊಂಡು, ತಡಕಾಡಿ ಯಂತ್ರದ ಮುಂದೆ ಕೂತಳು. ದಾಮಣ್ಣ ಪಕ್ಕದಲ್ಲಿ ಕಾದ, ಬುದ್ಧಿಮಾತು ಬಂದೇ ಬರುತ್ತದೆಂದು.

"ಹೇಳು ಯವ್ವಾ, ಮುಂದ ಹೆಂಗ ಮಾಡಲಿ?"

ಈ ಸಲ ಅವಳು ಏನೂ ಹೇಳಲಿಲ್ಲ. ಹೇಳಿದರೆ ಮಾಡಿಬಿಡುತ್ತಾನೆ.