ಕರಿನಾಯಿಗೆ ಹುಬ್ಬಿನ ಚುಕ್ಕೆ ಬಂದದ್ದು

ಆಗ ಲೋಕ ಇನ್ನೂ ಹೊಸದು. ಎಷ್ಟು ಹೊಸದೆಂದರೆ, ಹೊಳೆಗೆ ತನ್ನ ದಾರಿ ಇನ್ನೂ ಬಾಯಿಪಾಠವಾಗಿರಲಿಲ್ಲ, ದಿನಾ ಎಲ್ಲಾದರೂ ಒಂದು ಕಡೆ ತಪ್ಪಿಸಿಕೊಳ್ಳುತ್ತಿತ್ತು. ಗಾಳಿ, ನೀರು, ಹಕ್ಕಿ, ಮನುಷ್ಯರು ಎಲ್ಲ ಒಂದೇ ಮಾತು ಆಡುತ್ತಿದ್ದರು. ಜಗಳವೂ ಆ ಮಾತಿನಲ್ಲೇ ಆಗುತ್ತಿತ್ತು.

ಆ ಕಾಲದಲ್ಲಿ ಕರಿನಾಯಿ ಅಂದರೆ ಮೂಗಿನಿಂದ ಬಾಲದ ತನಕ ಬರೀ ಕಪ್ಪು. ಹುಬ್ಬಿನ ಮೇಲೆ ಚುಕ್ಕೆ ಗಿಕ್ಕೆ ಏನೂ ಇರಲಿಲ್ಲ.

ಬಯಲಿನಲ್ಲಿ ಕುರಿ ಕಾಯುವವರ ಒಂದು ಹಟ್ಟಿ ಇತ್ತು. ಆ ಹಟ್ಟಿಯ ಮಾಳವ್ವನಿಗೆ ಒಂದು ದಿನ ಜಾಲಿಯ ಪೊದೆಯೊಳಗಿಂದ ಕುಂಯ್ ಕುಂಯ್ ಅನ್ನುವ ದನಿ ಕೇಳಿಸಿತು. ಕೈಯೆಲ್ಲ ಮುಳ್ಳು ತರಚಿದರೂ ಬಿಡದೆ ಎಳೆದು ನೋಡಿದರೆ, ಮೊಲದಷ್ಟು ಗಾತ್ರದ ಒಂದು ಕರಿಮರಿ. ಪಕ್ಕೆಲುಬು ಒಂದೊಂದೂ ಕೈಗೆ ಸಿಗುತ್ತಿತ್ತು.

ಅಲ್ಲೇ ಸುಳಿದಾಡುತ್ತಿದ್ದ ಗಾಳಿ ಸುಮ್ಮನಿರುವುದುಂಟೆ? ಅದಕ್ಕೆ ಎಲ್ಲರ ಮನೆ ಸುದ್ದಿಯೂ ಗೊತ್ತು. "ಇದರವ್ವ ನಾಯಿ, ಅಪ್ಪ ತೋಳ. ಅವ್ವ ಸತ್ತಳು. ಹೊಗಿ ವಾಸನಿ ಬರತೈತಿ ಅಂತ ತೋಳ ಹೊರಗ ಹಾಕಿದವು, ಅಡವಿ ವಾಸನಿ ಬರತೈತಿ ಅಂತ ನಾಯಿ ಹೊರಗ ಹಾಕಿದವು," ಅಂದಿತು.

ಮಾಳವ್ವನೂ ಮೂಸಿ ನೋಡಿದಳು. ಅವಳಿಗೆ ಹಸಿದ ಕೂಸಿನ ವಾಸನೆ ಮಾತ್ರ ಬಂತು. ಸೆರಗಿನಲ್ಲಿ ಸುತ್ತಿಕೊಂಡು ಹಟ್ಟಿಗೆ ತಂದಳು.

ಹಟ್ಟಿಯ ಹಿರಿಯ ಲಕ್ಕಜ್ಜ ಮರಿಯನ್ನು ನೋಡಿದವನೇ ಕೋಲನ್ನು ನೆಲಕ್ಕೆ ಕುಟ್ಟಿದ.

"ತೋಳದ ಮರಿ ಇದು! ಇವತ್ತು ನಿನ್ನ ಕೈ ನೆಕ್ಕತೈತಿ, ನಾಳೆ ನನ್ನ ಕುರಿ ಕುತ್ತಿಗಿ ಹಿಡೀತೈತಿ. ಎಲ್ಲಿತ್ತೋ ಅಲ್ಲೇ ಬಿಟ್ಟು ಬಾ."

"ಅರ್ಧಾ ನಾಯಿನೂ ಐತಲ್ಲ ಯಜ್ಜಾ."

"ಅರ್ಧಾ ನಂಬಿ ಮಲಗಾಕ ಆಗ್ತೈತೇನ?"

ಲಕ್ಕಜ್ಜ ಕೆಟ್ಟವನಲ್ಲ. ಆದರೆ ಸ್ವಲ್ಪ ದಿನದ ಹಿಂದೆ ತೋಳ ಬಂದು ಅವನ ಏಳು ಕುರಿ ಮುಗಿಸಿತ್ತು. ಆ ಸಂಕಟ ಇನ್ನೂ ಆರಿರಲಿಲ್ಲ.

ಹಟ್ಟಿಯಲ್ಲಿ ಒಂದು ಕಟ್ಟಳೆ ಇತ್ತು. ಹಟ್ಟಿಗೆ ಸೇರಿದ ಪ್ರತಿ ಜೀವಕ್ಕೂ ಹೆಬ್ಬೆರಳಿನಿಂದ ಕೆಮ್ಮಣ್ಣಿನ ಗುರುತು ಹಚ್ಚುತ್ತಿದ್ದರು. ಗುರುತು ಇದ್ದದ್ದು ನಮ್ಮದು, ಅದನ್ನು ಯಾರೂ ಹೊರಗೆ ಹಾಕುವಂತಿಲ್ಲ. ಗುರುತು ಇಲ್ಲದ್ದಕ್ಕೆ ಹಿಡಿ ಅನ್ನವೂ ಇಲ್ಲ, ಹೆಸರೂ ಇಲ್ಲ. ಲಕ್ಕಜ್ಜ ಅತ್ತ ತಿರುಗಿದ್ದೇ ತಡ, ಮಾಳವ್ವ ಕೆಮ್ಮಣ್ಣಿನ ಗಡಿಗೆಗೆ ಬೆರಳು ಅದ್ದಿ ಮರಿಯ ಬೆನ್ನಿಗೆ ಒತ್ತಿಬಿಟ್ಟಳು.

ಅಜ್ಜನ ಮುಖ ಕೆಂಪಾಯಿತು. "ಕೇಳದ ಹಚ್ಚಿದೆಲ್ಲ! ಆಗಲಿ. ನಾಳೆ ಮುಂಜಾನೆ ಹೊಸ ಮೇವಿಗೆ ಹೊಳಿ ದಾಟತೀವಿ. ಇದನ್ನ ಯಾರೂ ಎತ್ತಿಕೊಳ್ಳಂಗಿಲ್ಲ, ತಾನ ಈಜಬೇಕು. ಆ ದಂಡಿ ಮುಟ್ಟಿದಾಗ ಗುರುತು ಉಳಿದಿದ್ರ ನಮ್ಮದು. ಅಳಿಸಿದ್ರ ಅಲ್ಲೇ ಬಿಟ್ಟು ನಡಿಯೋದು. ಯಾರೂ ಹೊಳ್ಳಿ ನೋಡಂಗಿಲ್ಲ."

ಕುರಿಯ ಉಣ್ಣೆಯಲ್ಲಿ ಜಿಡ್ಡು ಇರುತ್ತದೆ, ಕೆಮ್ಮಣ್ಣು ಕಚ್ಚಿಕೊಳ್ಳುತ್ತದೆ. ಮರಿಯ ಮೈಯಲ್ಲಿ ಜಿಡ್ಡೆಲ್ಲಿಂದ ಬರಬೇಕು? ಗುರುತು ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಮಾಳವ್ವನಿಗೂ ಗೊತ್ತಿತ್ತು.

ಬೆಳಗಾಯಿತು. ಹೊಳೆ ಕೆಂಪಗೆ, ದಡ ತುಂಬಿ ಹರಿಯುತ್ತಿತ್ತು. ಮಾಳವ್ವ ಕೈ ಮುಗಿದಳು.

"ಹೊಳೆವ್ವಾ, ಈ ಮರಿ ಗುರುತು ಅಳಿಸಬ್ಯಾಡ."

"ನನ್ನ ಕೈಯಾಗೇನೈತಿ ಮಗಳ? ಮುಟ್ಟಿದ್ದನ್ನ ತೊಳಿಯೋದು ನನ್ನ ಗುಣ," ಅಂದಿತು ಹೊಳೆ.

ಮುಟ್ಟಿದ್ದನ್ನು! ಹಾಗಾದರೆ ನೀರು ಮುಟ್ಟದ ಜಾಗ ಯಾವುದು? ಈಜುವ ನಾಯಿಯನ್ನು ಮಾಳವ್ವ ಎಷ್ಟೋ ಸಲ ನೋಡಿದ್ದಳು. ಮೈಯೆಲ್ಲ ಮುಳುಗಿದರೂ ಮೂಗು, ಕಣ್ಣು, ಹಣೆ ಮೇಲೇ ಇರುತ್ತವೆ. ಅವಳು ಬೆನ್ನಿನ ಗುರುತನ್ನು ಸೆರಗಿನಿಂದ ಒರೆಸಿ, ಎರಡೂ ಹೆಬ್ಬೆರಳಿಗೆ ಕೆಮ್ಮಣ್ಣು ಮೆತ್ತಿಕೊಂಡು, ಮರಿಯ ಎರಡು ಕಣ್ಣಿನ ಮೇಲೆ ಒಂದೊಂದು ಚುಕ್ಕೆ ಒತ್ತಿದಳು. ಒಂದು ಹೋದರೂ ಇನ್ನೊಂದು ಉಳಿಯಲಿ ಎಂದು ಆಸೆ. ಲಕ್ಕಜ್ಜ ನೋಡಿಯೂ ತಡೆಯಲಿಲ್ಲ.

"ಮುಖ ಮ್ಯಾಲ ಇಟ್ಕೊ. ಏನ ಆಗಲಿ, ಮುಖ ಮ್ಯಾಲ," ಎಂದು ಮಾಳವ್ವ ಮರಿಯ ಕಿವಿಯಲ್ಲಿ ಹೇಳಿದಳು.

ಕುರಿಗಳು ನೀರಿಗಿಳಿದವು. ಹಿಂದೆ ಮಾಳವ್ವ, ಅವಳ ಹಿಂದೆ ಮರಿ. ಮೇಲೆ ಒಂದು ಹದ್ದು ಸುತ್ತು ಹಾಕುತ್ತಿತ್ತು. "ಅಳಿಸಿದ್ರ ಅದು ನಂದು, ಮಾಳವ್ವಾ!" ಎಂದು ಅದು ಕೂಗಿತು.

ಮೊಣಕಾಲುದ್ದ ನೀರು. ಮಾಳವ್ವ ತಿರುಗಿ ನೋಡಿದಳು. ಚುಕ್ಕೆ ಇದ್ದವು.

ಸೊಂಟದುದ್ದ ನೀರು. ಗಾಳಿ ಎದ್ದಿತು, ಅಲೆ ಬಂದು ಮರಿಯ ಗದ್ದಕ್ಕೆ ಬಡಿಯಿತು. ಮಾಳವ್ವ ತಿರುಗಿ ನೋಡಿದಳು. ಚುಕ್ಕೆ ಇದ್ದವು.

ಎದೆಯುದ್ದ ನೀರು. ಮರಿಯ ಪುಟ್ಟ ಕಾಲುಗಳು ಸೋತಿದ್ದವು, ಆದರೂ ಮುಖ ಮೇಲೇ ಇತ್ತು. ಚುಕ್ಕೆ ಇದ್ದವು. ಇನ್ನು ಹತ್ತು ಮಾರು ದೂರ, ಅಷ್ಟೇ.

ಆಗ ಮಾಳವ್ವನ ಕಾಲಡಿಯ ಮರಳು ಜಾರಿತು. ಅವಳು ಮಡುವಿನಲ್ಲಿ ಮುಳುಗಿಹೋದಳು.

ಅವಳಿಗೇನು ಈಜು ಬಾರದೇ? ನೀರು ಕುಡಿದು, ಕೈಕಾಲು ಬಡಿದು, ನಾಲ್ಕು ಮಾರು ಆಚೆ ಎದ್ದಳು. ಕಣ್ಣು ಒರೆಸಿಕೊಂಡು ಮೊದಲು ನೋಡಿದ್ದು ಮರಿಯನ್ನು. ಅದು ದಡದ ಕಡೆ ಹೋಗಿರಲಿಲ್ಲ. ಅವಳು ಮುಳುಗಿದ ಜಾಗದಲ್ಲೇ ಸುತ್ತು ಹೊಡೆಯುತ್ತಿತ್ತು. ಮುಖವನ್ನು ನೀರೊಳಗೆ ಹಾಕುತ್ತಿತ್ತು. ಉಸಿರಿಗೆ ಏಳುತ್ತಿತ್ತು, ಮತ್ತೆ ಮುಖ ಮುಳುಗಿಸುತ್ತಿತ್ತು.

"ಮ್ಯಾಲ! ಮುಖ ಮ್ಯಾಲ!" ಎಂದು ಮಾಳವ್ವ ಚೀರಿದಳು.

ದನಿ ಕೇಳಿ ಮರಿ ತಲೆ ಎತ್ತಿತು. ಅವಳನ್ನು ಕಂಡು ನೀರಿನಲ್ಲೇ ಬಾಲ ಅಲ್ಲಾಡಿಸಿತು. ಮುಖ ಬರೀ ಕಪ್ಪಗಿತ್ತು. ಒಂದು ಚುಕ್ಕೆಯೂ ಇರಲಿಲ್ಲ.

ಮಾಳವ್ವನೂ ಮರಿಯೂ ದಡ ಹತ್ತಿದರು. ಹದ್ದು ಇಳಿದು ಬಂಡೆಯ ಮೇಲೆ ಕೂತಿತು. ಲಕ್ಕಜ್ಜ ಮರಿಯ ಮುಖ ನೋಡಿ, "ಅಳಿಸೈತಿ," ಅಂದ. ಕೋಲು ಎತ್ತಿಕೊಂಡು ಮುಂದೆ ನಡೆದ. ಹಟ್ಟಿಯವರೆಲ್ಲ ಅವನ ಹಿಂದೆ ಹೊರಟರು.

ಮಾಳವ್ವ ಮಾತ್ರ ಅಲ್ಲೇ ನಿಂತಳು. ಮರಿ ನಡುಗುತ್ತ ಅವಳ ಪಾದದ ಮೇಲೆ ಕೂತಿತ್ತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಹತ್ತು ಹೆಜ್ಜೆ ಹೋದ ಲಕ್ಕಜ್ಜ ನಿಂತ. ಹೊಳ್ಳಿ ನೋಡಂಗಿಲ್ಲ ಅಂದವನೇ ಹೊಳ್ಳಿ ನೋಡಿದ.

"ಮಾಳವ್ವಾ, ನೆಟ್ಟಗ ಬಂದಿದ್ರ ಗುರುತು ಉಳೀತಿತ್ತಲ್ಲ. ಯಾಕ ಮುಖ ಮುಳಗಿಸ್ತು ಅದು?"

"ನನ್ನ ಹುಡುಕಾಕತ್ತಿತ್ತು ಯಜ್ಜಾ."

ಲಕ್ಕಜ್ಜ ಹೋದ ಹತ್ತು ಹೆಜ್ಜೆಯನ್ನೂ ಹಿಂದಕ್ಕೆ ಬಂದ. ಈಗ ಅವನ ದನಿ ಮೊದಲಿನಂತಿರಲಿಲ್ಲ.

"ಗುರುತು ಯಾಕ ಹಚ್ಚತೀವಿ? ಕಳದ್ರ ಇದು ಯಾರದು ಅಂತ ತಿಳೀಲಿ ಅಂತ. ಇದಕ್ಕ ತಾ ಯಾರದು ಅಂತ ನಮಗಿಂತ ಮೊದಲ ತಿಳದೈತಿ. ಯಾರರ ಆ ಕೆಮ್ಮಣ್ಣಿನ ಗಡಿಗಿ ತರ್ರಿ."

ಮುದುಕ ಮಂಡಿಯೂರಿ ಕೂತು, ತನ್ನ ಎರಡೂ ಹೆಬ್ಬೆರಳು ಅದ್ದಿ, ಮಾಳವ್ವ ಹಚ್ಚಿದ್ದ ಜಾಗದಲ್ಲೇ ಒತ್ತಿದ. ಮರಿ ಅವನ ಮೂಗು ನೆಕ್ಕಿತು.

"ಥೂ ಕಳ್ಳಾ! ಹೆಸರೇನು ಇದರದು?"

"ಕರಿಯ," ಅಂದಳು ಮಾಳವ್ವ. ಪೊದೆಯಿಂದ ಎತ್ತಿದಾಗಿನಿಂದ ಆ ಹೆಸರನ್ನು ಬಾಯಲ್ಲೇ ಹಿಡಿದುಕೊಂಡಿದ್ದಳು.

ಹಿಂದಿನಿಂದ ಹೊಳೆ ಮೆಲ್ಲಗೆ ಕರೆಯಿತು. "ಆ ಗುರುತು ತೊಳದಿದ್ದಕ್ಕ ನನಗ ಕೆಟ್ಟ ಅನಸೈತಿ ಮಗಳ. ಇನ್ನ ಮುಂದ ಆ ಎರಡು ಜಾಗ ನಾ ತೊಳಿಯಂಗಿಲ್ಲ. ಮಳಿಗೂ ಹೇಳತೀನಿ, ಬಾವಿಗೂ ಹೇಳತೀನಿ."

ಹದ್ದು ಗೊಣಗುತ್ತ ಹಾರಿಹೋಯಿತು. ಕರಿಯ ಹಟ್ಟಿಯಲ್ಲಿ ಬೆಳೆದ, ಲಕ್ಕಜ್ಜನ ಕುರಿ ಕಾದ, ಕರಿಯನ ಮಕ್ಕಳು ಮರಿಮಕ್ಕಳು ಅದೇ ಚುಕ್ಕೆ ಹೊತ್ತು ಊರೂರಿಗೆ ಹರಡಿದರು.

ಅದಕ್ಕೇ ನೋಡಿ, ನಿಮ್ಮ ಬೀದಿಯ ಕರಿನಾಯಿಯ ಕಣ್ಣಿನ ಮೇಲೆ ಇವತ್ತಿಗೂ ಎರಡು ಕೆಂಚು ಚುಕ್ಕೆ ಇರುತ್ತವೆ. ಮಳೆಯಲ್ಲಿ ತೊಯ್ದರೂ, ನೀವು ಸೋಪು ಹಾಕಿ ಉಜ್ಜಿದರೂ ಅವು ಹೋಗುವುದಿಲ್ಲ. ನಿಮ್ಮ ಎರಡು ಹೆಬ್ಬೆರಳನ್ನು ಮೆತ್ತಗೆ ಅಲ್ಲಿ ಇಟ್ಟು ನೋಡಿ, ಸರಿಯಾಗಿ ಕೂರುತ್ತವೆ.