ನೀರುಗಂಟಿ ಕೆಂಚೀರನೂ ಆಗರದ ಕಳ್ಳನೂ

ಒಂದಾನೊಂದು ಕಾಲದಲ್ಲಿ, ಉಪ್ಪು ಇನ್ನೂ ಅಂಗಡಿಯ ಪೊಟ್ಟಣ ಸೇರಿರದ ಕಾಲದಲ್ಲಿ, ಘಟ್ಟದಾಚೆಯ ಬಯಲುಸೀಮೇಲಿ ಕೆಂಚೀರ ಅಂತ ಒಬ್ಬ ನೀರುಗಂಟಿ ಇದ್ದನಂತೆ. ನೀರುಗಂಟಿ ಅಂದ್ರೆ ಗೊತ್ತೇನೇ ಕೂಸೆ, ಕೆರೆ ನೀರನ್ನ ಯಾರ ಗದ್ದೆಗೆ ಎಷ್ಟು ಬಿಡಬೇಕು ಅಂತ ನೋಡ್ಕೊಳ್ಳೋನು. ಗದ್ದೇಲಿ ಒಂದು ಬೆರಳು ನೀರು ಇಳೀತು ಅಂದ್ರೆ ಯಾರೋ ಬದು ಕಡಿದು ಕದ್ದಿದಾರೆ ಅಂತಲೇ ಅವನ ಲೆಕ್ಕ. ಹಾಗಾಗಿ ಕಂಡವರೆಲ್ಲ ಅವನಿಗೆ ಕಳ್ಳರಂತೆ ಕಾಣೋರಂತೆ. ತನ್ನ ಮನೇಲೇ ಊಟಕ್ಕೆ ಕೂತರೂ ಮಜ್ಜಿಗೆ ಲೋಟದೊಳಗೆ ಒಮ್ಮೆ ಇಣುಕಿ, ಅತ್ತಿತ್ತ ನೋಡಿ, ಆಮೇಲೆ ಕುಡಿಯೋನಂತೆ.

ಇಂಥವನಿಗೆ ಕಡಲ ದಂಡೆಯ ಸಾತು ಹೆಂಡತಿಯಾದಳಂತೆ. ಅವಳಪ್ಪ ತೀರಿಕೊಂಡ ಮೇಲೆ ಅವನ ಆಗರ ನೋಡೋರು ಇಲ್ಲ ಅಂತ ಗಂಡ ಹೆಂಡತಿ ಗಂಟು ಕಟ್ಟಿ ಘಟ್ಟ ಇಳಿದು ಬಂದರಂತೆ. ಆಗರ ಅಂದ್ರೆ ಉಪ್ಪು ಬೆಳೆಯೋ ಜಾಗ. ನೆಲ ತುಳಿದು ತುಳಿದು ಗಟ್ಟಿ ಮಾಡಿ, ಬದು ಕಟ್ಟಿ ಪಾತಿ ಮಾಡಿ, ಉಬ್ಬರದ ಹೊತ್ತಿಗೆ ತೂಬು ಎತ್ತಿ ಕಡಲ ನೀರು ತುಂಬ್ತಾರೆ. ಅಲ್ಲೊಂದು ಕಟ್ಟಳೆ ಇತ್ತಂತೆ. ಹೊಸದಾಗಿ ಪಾತಿ ಹಿಡಿದೋರು ಹೋಳಿ ಹುಣ್ಣಿಮೆಯೊಳಗೆ ಒಂದು ಬುಟ್ಟಿ ಉಪ್ಪು ತಂದು ದಂಡೆಯ ಅಮ್ಮನ ಗುಡಿ ಮುಂದೆ ಸುರೀಬೇಕು. ಬರೀ ಬುಟ್ಟಿ ತಂದ್ರೆ ಪಾತಿ ಬೇರೆಯವರಿಗೆ. ಸಾತು ಆ ಬದುವಿನ ಮೇಲೇ ನಡೆಯೋದು ಕಲಿತವಳು, ಅದು ಕೈಬಿಟ್ಟರೆ ಅವಳಿಗೆ ತವರೇ ಹೋದ ಹಾಗೆ.

ಕೆಂಚೀರ ಪಾತಿ ತುಂಬಿಸಿ, ಒಂದು ಕೋಲು ನೆಟ್ಟು, ನೀರಿನ ಮಟ್ಟಕ್ಕೆ ಗೀರು ಹಾಕಿದನಂತೆ. ಮಾರನೇ ದಿನ ನೋಡ್ತಾನೆ, ನೀರು ಗೀರಿನಿಂದ ಒಂದು ಉಗುರಿನಷ್ಟು ಕೆಳಗಿದೆ. ಅದರ ಮಾರನೇ ದಿನ ಇನ್ನೊಂದುಗುರು. ಬಿಸಿಲು ಕುಡೀತದೆ, ಕುಡೀಲಿ ಬಿಡಿ ಅಂದಳಂತೆ ಸಾತು. ಬಿಸಿಲಿಗೆ ಬಾಯಿ ಎಲ್ಲಿದೆಯೇ ಅಂದನಂತೆ ಇವನು.

ಮೊದಲು ಅನುಮಾನ ಬಿದ್ದದ್ದು ಪಕ್ಕದ ಪಾತಿಯ ಹಮ್ಮಣ್ಣನ ಮೇಲೆ. ಕೆಂಚೀರ ತಲೆಗೆ ಟವೆಲ್ಲು ಸುತ್ತಿ ದಿನವಿಡೀ ಬದುವಿನ ಮೇಲೆ ಕೂತನಂತೆ. ಏನು ಭಾವ, ಕಡಲಿಗೇ ಕಾವಲು ಕೂತ್ಯಾ, ಹೋಗೋ ನೀರು ಹೋಗ್ಲಿ ಬಿಡು ಅಂತ ಹಮ್ಮಣ್ಣ ನಕ್ಕನಂತೆ. ಹೋಗ್ಲಿ ಬಿಡು ಅನ್ನೋನೇ ಕಳ್ಳ ಅಂತ ಕೆಂಚೀರ ಬದುವಿಗೆ ಎರಡೂ ಕಡೆ ಜೇಡಿಮಣ್ಣು ಮೆತ್ತಿದನಂತೆ. ಆದ್ರೂ ನೀರು ಇಳೀತು.

ಆಮೇಲೆ ಏಡಿಗಳ ಮೇಲೆ ಅನುಮಾನ. ಒಂದೊಂದು ಬಿಲ ಹುಡುಕಿ ಮಣ್ಣು ತುರುಕಿ, ಹೆಬ್ಬೆರಳು ಕಚ್ಚಿಸಿಕೊಂಡು ಬಂದನಂತೆ. ಆಗಲೂ ನೀರು ಇಳೀತು. ಉಳಿದದ್ದಕ್ಕೆ ಬೆರಳದ್ದಿ ನೆಕ್ಕಿದರೆ ಮೊನ್ನೆಗಿಂತ ಜಾಸ್ತಿ ಉಪ್ಪು. ಹಾಲಿನವಳು ಹಾಲು ತೆಗೆದು ನೀರು ಸೇರಿಸಿದ ಹಾಗೆ, ಕಳ್ಳ ನೀರು ತೆಗೆದು ಏನೋ ಬೆರೆಸಿದಾನೆ ಅಂದುಕೊಂಡನಂತೆ. ಆ ನೀರೆಲ್ಲ ಹೊರಗೆ ಬಿಟ್ಟು, ಹೊಸ ನೀರು ತುಂಬಿ, ಇಡೀ ಪಾತಿಗೆ ತೆಂಗಿನ ಗರಿಯ ತಟ್ಟಿ ಮುಚ್ಚಿಬಿಟ್ಟನಂತೆ.

ಎಂಟು ದಿನ ನೀರು ಗೀರು ಬಿಟ್ಟು ಹೆಚ್ಚುಕಮ್ಮಿ ಅಲ್ಲಾಡಲಿಲ್ಲ. ಕೆಂಚೀರ ಮೀಸೆ ತಿರುವಿದನಂತೆ. ಆದ್ರೆ ಹಮ್ಮಣ್ಣನ ಪಾತಿ ಮಲ್ಲಿಗೆ ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು, ಇವನದರಲ್ಲಿ ಬರೀ ನೀರು. ಹುಣ್ಣಿಮೆಗೆ ಹದಿನಾಲ್ಕೇ ದಿನ. ಓಹೋ, ಈಗ ಉಪ್ಪನ್ನೂ ಕದ್ದರು ಅಂತ ಓಡಿಬಂದು ನೋಡ್ತಾನೆ, ನಡುಮಧ್ಯಾಹ್ನ ಸಾತು ಬಗ್ಗಿ ತಟ್ಟಿ ಎತ್ತಿಡ್ತಾ ಇದಾಳೆ. ನೀನೂ ಅವರ ಕಡೆಯವಳೇನೇ ಅಂದುಬಿಟ್ಟನಂತೆ.

ಸಾತು ಅಳಲಿಲ್ಲ, ಬೈಯಲೂ ಇಲ್ಲ. ತಟ್ಟಿ ಕೆಳಗಿಟ್ಟು ಹೇಳಿದಳಂತೆ.

"ನಾಳೆ ಮೂರು ತಟ್ಟೇಲಿ ಕಡಲ ನೀರು ತುಂಬಿ, ಒಂದು ನೆರಳಲ್ಲಿ, ಒಂದು ಬಿಸಿಲಲ್ಲಿ, ಒಂದು ಮುಚ್ಚಿಟ್ಟು ನೀವೇ ಕಾವಲು ಕೂತ್ಕೊಳ್ಳಿ. ನಾನು ಮೂರು ಮನೆಯಾಚೆ ಅಕ್ಕನ ಹತ್ರ ಇರ್ತೀನಿ. ಕಳ್ಳಿ ನಾನೇ ಅಂತಾದ್ರೆ ವಾಪಸ್ ಬರಲ್ಲ. ಅಲ್ಲ ಅಂತಾದ್ರೆ ತಟ್ಟೀನ ನಿಮ್ಮ ಕೈಯಾರೆ ತೆಗೀಬೇಕು."

ಬೆಳಿಗ್ಗೆ ಕೆಂಚೀರ ಒಂದು ತಟ್ಟೆ ನೆರಳಲ್ಲಿ ಇಟ್ಟನಂತೆ, ಒಂದು ಬಿಸಿಲಲ್ಲಿ, ಇನ್ನೊಂದಕ್ಕೆ ಗಟ್ಟಿಯಾಗಿ ಮುಚ್ಚಳ ಹಾಕಿ ಅದನ್ನೂ ಬಿಸಿಲಲ್ಲೇ. ಮೂರರಲ್ಲೂ ಗೀರು ಹಾಕಿ ಕಣ್ಣು ಮಿಟುಕಿಸದೆ ಕೂತ. ಸಾತು ಬರಲಿಲ್ಲ, ಹಮ್ಮಣ್ಣ ಬರಲಿಲ್ಲ, ಒಂದು ಕಾಗೆನೂ ಬರಲಿಲ್ಲ. ಸಂಜೆ ನೋಡಿದರೆ ನೆರಳಿನ ತಟ್ಟೇಲಿ ಸ್ವಲ್ಪ ಇಳಿದಿತ್ತು. ಬಿಸಿಲಿನ ತಟ್ಟೆ ಒಣಗಿ ಹೋಗಿ, ತಳದಲ್ಲಿ ಬೆಳ್ಳಗೆ ಹಕ್ಕಳೆ ಕೂತಿತ್ತು. ನೆಕ್ಕಿದ. ಉಪ್ಪು. ಮುಚ್ಚಿದ ತಟ್ಟೇಲಿ ನೀರು ಗೀರಿನ ಹತ್ರವೇ ಇತ್ತು, ಆದ್ರೆ ಮುಚ್ಚಳದ ಒಳಗೆ ಸಾಲಾಗಿ ಹನಿ ಜೋತಿದ್ದವಂತೆ. ಒಂದು ಹನಿ ನಾಲಿಗೆಗೆ ಇಟ್ಟುಕೊಂಡ. ಉಪ್ಪೇ ಇಲ್ಲ, ಅವರೂರ ಬಾವಿ ನೀರಿನ ಹಾಗಿತ್ತಂತೆ.

ನೀರುಗಂಟಿ ಅಲ್ವಾ, ಕದ್ದ ಮಾಲು ಸಿಕ್ಕ ಕೂಡಲೇ ಕಳ್ಳನ ದಾರಿ ತಿಳೀತು. ಕತ್ತೆತ್ತಿ ಸೂರ್ಯನ್ನ ನೋಡಿದನಂತೆ. ಈ ಕಳ್ಳ ಬರೀ ನೀರು ಒಯ್ತಾನೆ, ಉಪ್ಪು ಹೊರೋಕೆ ಅವನ ಕೈಲಿ ಆಗಲ್ಲ, ಬಿಟ್ಟು ಹೋಗ್ತಾನೆ. ನಾನೇ ಅವನಿಗೆ ಬಾಗಿಲು ಹಾಕಿ ಕೂತಿದ್ನಲ್ಲ ಅಂತ ಹಣೆ ಚಚ್ಚಿಕೊಂಡನಂತೆ.

ಕತ್ತಲಾಗೋ ಮುಂಚೆ ಅಷ್ಟೂ ತಟ್ಟಿ ಎಳೆದುಹಾಕಿ ಸಾತುವಿನ ಅಕ್ಕನ ಬಾಗಿಲಿಗೆ ಹೋಗಿ ನಿಂತನಂತೆ. ಕಳ್ಳ ಸಿಕ್ಕಿದ, ಮನೆಗೆ ಬಾ ಅಂದನಂತೆ. ಯಾರು ಅಂದಳಂತೆ ಅವಳು. ಮೇಲಿರೋ ಆ ಸೂರ್ಯನೇ, ನನ್ನದೇ ತಪ್ಪು ಅಂದನಂತೆ. ಅಷ್ಟು ಸಾಕಾಯ್ತು ಸಾತುಗೆ.

ಆಮೇಲೆ ಬಿಸಿಲೋ ಬಿಸಿಲು. ನೀರು ಒಂದೊಂದುಗುರು ಇಳೀತಾ ಇಳೀತಾ, ಮೂರು ದಿನ ಬಾಕಿ ಇರೋವಾಗ ಪಾತಿ ಅಂಚಲ್ಲಿ ಹರಳು ಮಿಂಚಿತಂತೆ. ಹುಣ್ಣಿಮೆ ದಿನ ಇಬ್ಬರೂ ಬಳಿದು ತುಂಬಿದ್ದು ಒಂದೇ ಬುಟ್ಟಿ, ಅದೂ ಅಂಚಿನ ಮಟ್ಟಕ್ಕೆ ಸರಿಯಾಗಿ. ಅಮ್ಮನ ಮುಂದೆ ಸುರಿದರಂತೆ, ಪಾತಿ ಉಳೀತಂತೆ. ಭಾವ ಕಾವಲು ಬಿಟ್ಟಿದ್ದಕ್ಕೇ ಬೆಳೆ ಬಂತು ಅಂತ ಹಮ್ಮಣ್ಣ ಎಲ್ಲರಿಗೂ ಹೇಳಿಕೊಂಡು ತಿರುಗಿದನಂತೆ.

ಮುಂಗಾರಿನ ಮೊದಲ ಮಳೆ ಬಂದಾಗ ಕೆಂಚೀರ ಅಂಗಳದಲ್ಲಿ ನೆನೀತಾ ಬಾಯಿ ತೆರೆದು ನಿಂತನಂತೆ. ಸಪ್ಪೆ ನೀರು, ಅದೇ ರುಚಿ. ನಿಮ್ಮ ಕಳ್ಳ ಕದ್ದದ್ದನ್ನ ಮೋಡ ಮಾಡಿಟ್ಟು ವಾಪಸ್ ಕೊಡ್ತಿದಾನೆ, ಈ ನೀರು ಹೊಳೆಯಾಗಿ ಕಲ್ಲುಮಣ್ಣಿನ ಉಪ್ಪು ಚೂರುಚೂರೇ ತೊಳಕೊಂಡು ಮತ್ತೆ ಕಡಲಿಗೇ ಬರ್ತದೆ ಅಂದಳಂತೆ ಸಾತು. ಕೆಂಚೀರ ಹೂಂ ಅಂದನಂತೆ. ಅಂದು, ಒಳಗೆ ಹೋಗಿ ಗೀರಿನ ಕೋಲು ತಂದು ಅಂಗಳದಲ್ಲಿ ನೆಟ್ಟನಂತೆ, ಪೂರ್ತಿ ಕೊಡ್ತಾನೋ ಇಲ್ವೋ ನೋಡೇಬಿಡೋಣ ಅಂತ.

ಅವರ ಮನೆ ಉಪ್ಪು ಬುಟ್ಟಿ ತುಂಬಿತು, ನಮ್ಮ ಕೂಸಿನ ಕಣ್ಣಲ್ಲಿ ನಿದ್ದೆ ತುಂಬಿತು, ಅಲ್ಲಿಗೆ ಕತೆ ಮುಗೀತು.